ಹುಡುಗರು ಬರೆದದ್ದನ್ನು ಓದುವವರು ಯಾರು?

(ಪ್ರೌಢಶಾಲಾ ಶಿಕ್ಷಕರ ಕಾರ್ಯಾಗಾರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನಿಮ್ಮ ಶಾಲೆಯ ಎಂಟನೇ ಕ್ಲಾಸಿನ ಪ್ರಬಂಧದ ನೋಟ್‌ಬುಕ್ಕುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ‘ನಮ್ಮೂರ ಜಾತ್ರೆ’ ಅಂತ ವಿಷಯ ಕೊಟ್ಟಿರುತ್ತೀರಿ. ಮುಕ್ಕಾಲು ಪಾಲು ನೋಟ್‌ಬುಕ್ಕು ‘ಭಾರತವು ಹಬ್ಬಗಳ ನಾಡು’ ಎಂದೇ ಶುರುವಾಗುತ್ತವೆ. ಎರಡನೇ ಪ್ಯಾರಾದಲ್ಲಿ ತೇರು, ಮೂರನೆಯದರಲ್ಲಿ ಬೆಂಡು ಬತ್ತಾಸು, ಕೊನೆಗೆ ‘ಹೀಗೆ ನಮ್ಮೂರ ಜಾತ್ರೆಯು ಬಹಳ ವಿಜೃಂಭಣೆಯಿಂದ ನಡೆಯುತ್ತದೆ’. ನೀವು ಕೆಂಪು ಪೆನ್ನಿನಲ್ಲಿ ಕಾಗುಣಿತ ತಿದ್ದುತ್ತೀರಿ, ‘ನೋಡಿದೆ’ ಅಂತ ಬರೆದು ತಾರೀಕು ಹಾಕಿ ಸಹಿ ಮಾಡುತ್ತೀರಿ. ನೋಟ್‌ಬುಕ್ಕು ವಾಪಸ್ ಚೀಲ ಸೇರುತ್ತದೆ. ಆ ಬರಹದ ಆಯುಷ್ಯ ಅಲ್ಲಿಗೆ ಮುಗಿಯಿತು.

ಹುಡುಗರಿಗೆ ಬರೆಯಲು ಬರುವುದಿಲ್ಲ ಅಂತ ನಾವು ಗೊಣಗುತ್ತೇವೆ. ಸ್ವಲ್ಪ ಆ ಹುಡುಗನ ಜಾಗದಲ್ಲಿ ಕೂತು ಯೋಚನೆ ಮಾಡಿ. ಇದನ್ನು ಓದುವವರು ಮೇಷ್ಟ್ರು ಒಬ್ಬರೇ. ಜಾತ್ರೆಯ ದಿನ ಮೇಷ್ಟ್ರೂ ತೇರಿನ ಹಿಂದೆಯೇ ಇದ್ದರು. ಗೊತ್ತಿರುವವರಿಗೇ ಗೊತ್ತಿರುವುದನ್ನು ಯಾಕೆ ಹೇಳಬೇಕು? ಅವರಿಗೆ ಬೇಕಾದ್ದು ಜಾತ್ರೆಯ ಸುದ್ದಿ ಅಲ್ಲ, ಒಂದೂವರೆ ಪುಟ ತಪ್ಪಿಲ್ಲದ ಕನ್ನಡ ಅಂತ ಅವನಿಗೆ ಚೆನ್ನಾಗಿ ಗೊತ್ತು. ಗೈಡಿನಲ್ಲಿ ಅದು ಸಿಗುತ್ತದೆ.

ಇವತ್ತು ನನಗೆ ಕೊಟ್ಟ ವಿಷಯ ಶಿಕ್ಷಣದಲ್ಲಿ ಬ್ಲಾಗು, ವಿಕಿ, ಸಾಮಾಜಿಕ ಜಾಲತಾಣಗಳ ಬಳಕೆ. ಯಾವ ಬಟನ್ ಒತ್ತಬೇಕು ಅನ್ನುವುದನ್ನು ಮಧ್ಯಾಹ್ನದ ಅವಧಿಯಲ್ಲಿ ಬೇರೆಯವರು ತೋರಿಸುತ್ತಾರೆ. ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಮಾತಾಡುತ್ತೇನೆ. ಮಗು ಬರೆದದ್ದನ್ನು ಮೇಷ್ಟ್ರಲ್ಲದ ಇನ್ನೊಬ್ಬರು ಓದುತ್ತಾರಾ? ಓದಿ ಏನಾದರೂ ಹೇಳುತ್ತಾರಾ? ಈ ಸಲಕರಣೆಗಳಿಂದ ಶಾಲೆಗೆ ಆಗಬಹುದಾದ ದೊಡ್ಡ ಲಾಭ ಅದು. ನಮ್ಮಲ್ಲಿ ಸಲಕರಣೆ ಬಂತು, ಈ ಲಾಭ ಮಾತ್ರ ಹೊರಗೇ ನಿಂತಿತು ಅನ್ನುವುದು ನನ್ನ ದೂರು.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಯೋಚನೆಯೂ ಅಲ್ಲ. ನೂರು ವರ್ಷ ಹಿಂದೆ ಫ್ರಾನ್ಸ್ ದೇಶದಲ್ಲಿ ಸೆಲೆಸ್ಟಾನ್ ಫ್ರೆನೆ ಅಂತ ಒಬ್ಬ ಹಳ್ಳಿ ಮೇಷ್ಟ್ರು ಇದ್ದರು. ಮೊದಲನೇ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗುಂಡು ತಗುಲಿ ವಾಪಸ್ ಬಂದವರು. 1920ರಲ್ಲಿ ದಕ್ಷಿಣದ ಗುಡ್ಡಗಾಡಿನ ಬಾರ್-ಸುರ್-ಲೂ ಅನ್ನುವ ಹಳ್ಳಿಗೆ ಪೋಸ್ಟಿಂಗ್ ಆಯಿತು. ಜಾಸ್ತಿ ಹೊತ್ತು ನಿಂತು ಪಾಠ ಮಾಡಿದರೆ ಉಸಿರು ಸಾಲುತ್ತಿರಲಿಲ್ಲ. ಮಾತಾಡಲು ಆಗದ ಮೇಷ್ಟ್ರು ಏನು ಮಾಡಬೇಕು? ಹುಡುಗರ ಕೈಲಿ ಮಾತಾಡಿಸಬೇಕು. ಮಕ್ಕಳನ್ನು ಹೊಲ ಗದ್ದೆ ಕಡೆ ಕರೆದುಕೊಂಡು ಹೋಗಿ, ಬಂದ ಮೇಲೆ ಕಂಡದ್ದನ್ನು ಬರೆಯಿಸುತ್ತಿದ್ದರು. 1924ರಲ್ಲಿ ಒಂದು ಸಣ್ಣ ಕೈ ಮುದ್ರಣ ಯಂತ್ರ ಕೊಂಡು ಕ್ಲಾಸಿನಲ್ಲೇ ಇಟ್ಟರು. ಯಾರ ಬರಹ ಅಚ್ಚಾಗಬೇಕು ಅಂತ ಮಕ್ಕಳೇ ಓಟು ಹಾಕುವುದು. ಅಚ್ಚುಮೊಳೆ ಒಂದೊಂದಾಗಿ ಜೋಡಿಸುವುದೂ ಅವರೇ. ಮೊಳೆ ಜೋಡಿಸುವಾಗ ಕಾಗುಣಿತ ತಪ್ಪಿದರೆ ಇಡೀ ಸಾಲು ಬಿಚ್ಚಬೇಕು. ಕೆಂಪು ಪೆನ್ನಿಗೆ ಅಲ್ಲಿ ಜಾಸ್ತಿ ಕೆಲಸ ಇರಲಿಲ್ಲ.

ಮುಖ್ಯವಾದದ್ದು ಆಮೇಲೆ ಆಯಿತು. 1926ರಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಬ್ರಿಟ್ಟನಿಯ ಕಡಲ ತೀರದ ಟ್ರೆಗಂಕ್ ಊರಿನಲ್ಲಿ, ರೆನೆ ದಾನಿಯೆಲ್ ಅನ್ನುವ ಮೇಷ್ಟ್ರು ಇವರಿಗೆ ಜೊತೆಯಾದರು. ಎರಡೂ ಶಾಲೆಯ ಮಕ್ಕಳು ಅಚ್ಚು ಹಾಕಿದ ಹಾಳೆಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳತೊಡಗಿದರು. ಗುಡ್ಡದ ಹುಡುಗನಿಗೆ ಕಡಲಿನ ಬಗ್ಗೆ ಗೊತ್ತಿಲ್ಲ, ಕಡಲಿನ ಹುಡುಗನಿಗೆ ಗುಡ್ಡದ ಬದುಕು ಗೊತ್ತಿಲ್ಲ. ಈಗ ಬರೆಯುವುದಕ್ಕೆ ಕಾರಣ ಸಿಕ್ಕಿತು, ಅಲ್ವಾ?

ಫ್ರೆನೆ ಅವರ ಕತೆಯ ಉಳಿದ ಭಾಗವನ್ನೂ ಹೇಳಿಬಿಡುತ್ತೇನೆ. ಸುಮಾರಾಗಿ ಯಾರೂ ಅದನ್ನು ಹೇಳುವುದಿಲ್ಲ. 1928ರಲ್ಲಿ ಅವರು ಹತ್ತಿರದ ಸೇಂ-ಪೋಲ್ ಅನ್ನುವ ಊರಿಗೆ ಹೋದರು. ಅಲ್ಲೊಬ್ಬ ಹುಡುಗ ತನಗೆ ಬಿದ್ದ ಕನಸು ಬರೆದ. ಶಾಲೆಗೆ ಪುಸ್ತಕ ಸಾಮಾನು ಕೊಡಲು ಒಪ್ಪದ ಊರಿನ ಮೇಯರ್ ಮೇಲೆ ಇಡೀ ಕ್ಲಾಸು ದಂಗೆ ಎದ್ದು ಅವನನ್ನು ಕೊಂದ ಹಾಗೆ ಕನಸು. ಮಕ್ಕಳು ಅದನ್ನೇ ಆರಿಸಿ ಅಚ್ಚು ಹಾಕಿದರು. 1932ರ ಕೊನೆಗೆ ಊರಿನ ಗೋಡೆಗಳ ಮೇಲೆ ಮೇಷ್ಟ್ರ ವಿರುದ್ಧ ಪೋಸ್ಟರ್ ಬಿದ್ದವು. ಮರುವರ್ಷ ಅವರು ಆ ಶಾಲೆ ಬಿಡಬೇಕಾಯಿತು. ಆಮೇಲೆ ಸ್ವಂತ ಶಾಲೆ ಕಟ್ಟಿದರು, ಅದು ಬೇರೆ ಮಾತು. ನೋಟ್‌ಬುಕ್ಕಿನಲ್ಲಿ ಇದ್ದಿದ್ದರೆ ಆ ಕನಸಿಗೂ ‘ನೋಡಿದೆ’ ಬೀಳುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಓದುವವರು ಸಿಕ್ಕಿದರೆ ಬರಹಕ್ಕೆ ಜೀವ ಬರುತ್ತದೆ, ಜೊತೆಗೆ ಯಾರಿಗಾದರೂ ಚುಚ್ಚಲೂ ಶುರು ಮಾಡುತ್ತದೆ. ಇವೆರಡೂ ಒಟ್ಟಿಗೇ ಬರುತ್ತವೆ, ಒಂದನ್ನು ಮಾತ್ರ ಆರಿಸಿಕೊಳ್ಳಲು ಬರುವುದಿಲ್ಲ.

ಈಗ ಬೇಗ ಬೇಗ ನಮ್ಮ ಕಾಲಕ್ಕೆ ಬರೋಣ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿ ಮಾಡಿದರು. ಯಾರು ಬೇಕಾದರೂ ತಿದ್ದಬಹುದಾದ ಪುಟ. ಬ್ಲಾಗು, ಅಂದರೆ ಅಂತರ್ಜಾಲದಲ್ಲಿ ಸ್ವಂತ ಬರಹದ ಪುಟ, ತೆರೆಯಲು 1999ರಲ್ಲಿ ಬ್ಲಾಗರ್ ಬಂತು, 2003ರಲ್ಲಿ ವರ್ಡ್‌ಪ್ರೆಸ್ ಬಂತು. 2005ರಲ್ಲಿ ಆಸ್ಟ್ರೇಲಿಯಾದಿಂದ ಶಾಲೆಗಳಿಗೆಂದೇ ಎಜುಬ್ಲಾಗ್ಸ್ ಶುರುವಾಯಿತು. ಮೂಡಲ್ ಅನ್ನುವ ಸಾಫ್ಟ್‌ವೇರ್ ನಿಮ್ಮಲ್ಲಿ ಕೆಲವರು ಬಿ.ಎಡ್. ಕಾಲೇಜಿನಲ್ಲಿ ನೋಡಿರಬಹುದು. ಅದನ್ನು ಬರೆದ ಮಾರ್ಟಿನ್ ದೂಜಿಯಾಮಸ್ ಬಾಲ್ಯ ಕಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ. ಹತ್ತಿರದಲ್ಲಿ ಶಾಲೆ ಇರಲಿಲ್ಲ, ರೇಡಿಯೋದಲ್ಲಿ ಪಾಠ ಕೇಳುತ್ತಿದ್ದರು. ಒಂಟಿಯಾಗಿ ಕಲಿತವನೇ ಒಟ್ಟಿಗೆ ಕಲಿಯುವ ಸಾಫ್ಟ್‌ವೇರ್ ಬರೆದ ಅನ್ನುವುದು ನನಗೆ ಯಾವಾಗಲೂ ಇಷ್ಟವಾಗುವ ವಿಷಯ.

ಸಾಧನಗಳ ಪಟ್ಟಿ ಸಾಕು. ಒಂದು ಮಗು ಬ್ಲಾಗು ಬರೆದರೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡೋಣ.

2012ರ ಏಪ್ರಿಲ್ 30. ಸ್ಕಾಟ್ಲೆಂಡಿನ ಲಾಕ್‌ಗಿಲ್ಪ್‌ಹೆಡ್ ಅನ್ನುವ ಸಣ್ಣ ಊರಿನ ಮಾರ್ಥಾ ಪೇನ್ ಅನ್ನುವ 9 ವರ್ಷದ ಹುಡುಗಿ, ಅಪ್ಪನ ಸಹಾಯದಿಂದ ಒಂದು ಬ್ಲಾಗು ತೆರೆದಳು. ಬರೆಯುವ ಅಭ್ಯಾಸ ಆಗಲಿ ಅಂತ. ಹೆಸರು ‘ನೆವರ್‌ಸೆಕೆಂಡ್ಸ್’. ದಿನಾ ಶಾಲೆಯ ಊಟದ ಒಂದು ಫೋಟೋ, ಕೆಳಗೆ ನಾಲ್ಕು ಸಾಲು. ಮೊದಮೊದಲ ಒಂದು ಫೋಟೋದಲ್ಲಿ ಪಿಜ್ಜಾದ ಒಂದು ತುಂಡು, ಆಲೂಗಡ್ಡೆಯ ಒಂದೇ ಒಂದು ಕ್ರೋಕೆ (ಕರಿದ ಉಂಡೆ), ಕೆಲವು ಜೋಳದ ಕಾಳು, ಒಂದು ಪುಟ್ಟ ಕೇಕು. ನಾನು ಬೆಳೆಯುವ ಹುಡುಗಿ, ಮಧ್ಯಾಹ್ನವೆಲ್ಲಾ ಪಾಠ ಕೇಳಬೇಕು, ಒಂದು ಕ್ರೋಕೆ ತಿಂದು ಅದು ಆಗುವುದಿಲ್ಲ ಅನ್ನುವ ಅರ್ಥದ ಮಾತು ಬರೆದಳು. ಅಂಕ ಕೊಡುವ ಕ್ರಮವೂ ಅವಳದೇ. ರುಚಿಗೆ ಹತ್ತಕ್ಕೆ ಇಷ್ಟು, ಆರೋಗ್ಯಕ್ಕೆ ಹತ್ತಕ್ಕೆ ಇಷ್ಟು, ಒಟ್ಟು ಎಷ್ಟು ತುತ್ತು, ತಟ್ಟೆಯಲ್ಲಿ ಸಿಕ್ಕಿದ ಕೂದಲು ಎಷ್ಟು!

ಆ ಕೂದಲಿನ ಕಾಲಂ ಗಮನಿಸಿ. ಯಾವ ಪ್ರಬಂಧದ ಗೈಡಿನಲ್ಲೂ ಅದು ಸಿಗುವುದಿಲ್ಲ. ತಟ್ಟೆಯ ಮುಂದೆ ಕೂತವರಿಗೆ ಮಾತ್ರ ಹೊಳೆಯುತ್ತದೆ. ತುತ್ತು ಎಣಿಸುವುದೂ ಹಾಗೇ. ‘ಊಟ ಕಡಿಮೆ ಇತ್ತು’ ಅಂದರೆ ಅದು ದೂರು. ಇಷ್ಟು ತುತ್ತು ಅಂದರೆ ಅದು ಲೆಕ್ಕ. ಒಂಬತ್ತು ವರ್ಷದ ಹುಡುಗಿ, ತನ್ನ ಶಾಲೆ ನೋಡದ ಓದುಗರಿಗೆ ಅರ್ಥವಾಗಬೇಕು ಅಂತ ಅಳತೆಗಳನ್ನು ತಾನೇ ಹುಡುಕಿಕೊಂಡಳು. ನಾವು ಬಿ.ಎಡ್.ನಲ್ಲಿ ವಸ್ತುನಿಷ್ಠ ಬರವಣಿಗೆ ಅಂತ ಒಂದು ಪೂರ್ತಿ ಘಟಕ ಓದುತ್ತೇವಲ್ಲ, ಅದು ಇದೇ.

ಓದುಗರು ಬಂದರು. ಬೇರೆ ಬೇರೆ ದೇಶದ ಮಕ್ಕಳು ತಮ್ಮ ಶಾಲೆಯ ಊಟದ ಫೋಟೋ ಕಳಿಸಿದರು. ಪತ್ರಿಕೆಗಳು ಬರೆದವು. ಕೆಲವೇ ವಾರದಲ್ಲಿ ಲಕ್ಷಾಂತರ ಜನ ನೋಡಿದರು. ಆಮೇಲೆ ಫ್ರೆನೆ ಅವರಿಗೆ ಆದದ್ದೇ ಆಯಿತು. ಜೂನ್ 14ರಂದು ಅವಳು ಬರೆದಳು: ಗಣಿತದ ಕ್ಲಾಸಿನಿಂದ ಹೊರಗೆ ಕರೆದು, ಇನ್ನು ಫೋಟೋ ತೆಗೆಯಬಾರದು ಅಂತ ಹೇಳಿದ್ದಾರೆ, ಆದ್ದರಿಂದ ಬ್ಲಾಗು ಇಲ್ಲಿಗೆ ನಿಲ್ಲುತ್ತದೆ. ತೀರ್ಮಾನ ಅಲ್ಲಿನ ಸ್ಥಳೀಯ ಕೌನ್ಸಿಲ್‌ನದು. ಅಡುಗೆಯವರಿಗೆ ಬೇಜಾರಾಗುತ್ತದೆ ಅನ್ನುವುದು ಒಂದು ಕಾರಣ. ಮರುದಿನ, ಜೂನ್ 15ಕ್ಕೆ, ಗಲಾಟೆ ಎಷ್ಟಾಯಿತೆಂದರೆ ಕೌನ್ಸಿಲ್ ತನ್ನ ಆದೇಶ ವಾಪಸ್ ತೆಗೆದುಕೊಂಡಿತು. ಮಾರ್ಥಾ ಆಗಲೇ ‘ಮೇರೀಸ್ ಮೀಲ್ಸ್’ ಅನ್ನುವ, ಬಡ ದೇಶಗಳ ಶಾಲಾ ಮಕ್ಕಳಿಗೆ ಊಟ ಕೊಡುವ ಸಂಸ್ಥೆಗಾಗಿ ಹಣ ಕೂಡಿಸುತ್ತಿದ್ದಳು. ಗುರಿ 7,000 ಪೌಂಡ್. ಕೆಲವೇ ದಿನದಲ್ಲಿ ಅದು ಒಂದು ಲಕ್ಷ ದಾಟಿತು. ಆಫ್ರಿಕಾದ ಮಲಾವಿ ದೇಶದ ಲಿರಾಂಗ್ವೆ ಊರಿನ ಶಾಲೆಯಲ್ಲಿ ಆ ದುಡ್ಡಿನಲ್ಲಿ ಅಡುಗೆ ಮನೆ ಕಟ್ಟಿದರು.

ಸುಖಾಂತ್ಯ ಅಂತ ಚಪ್ಪಾಳೆ ತಟ್ಟಿಬಿಡಬಹುದು. ಆದರೆ ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ, ನೀವು ಬೇರೆ ಏನೋ ಯೋಚಿಸುತ್ತಿದ್ದೀರಿ. ನಮ್ಮ ಅಕ್ಷರ ದಾಸೋಹದ ಸಾಂಬಾರಿನ ಫೋಟೋ ಒಂದು ಮಗು ಹಾಕಿದರೆ ಬಿಇಓ ಆಫೀಸಿನಿಂದ ಫೋನು ಯಾರಿಗೆ ಬರುತ್ತದೆ? ಮಗುವಿಗಂತೂ ಬರುವುದಿಲ್ಲ. 2019ರಲ್ಲಿ ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯ ಶಾಲೆಯೊಂದರಲ್ಲಿ ಮಕ್ಕಳು ರೊಟ್ಟಿಗೆ ಉಪ್ಪು ನೆಂಚಿಕೊಂಡು ತಿನ್ನುವುದನ್ನು ವಿಡಿಯೋ ಮಾಡಿದ ಪತ್ರಕರ್ತನ ಮೇಲೆಯೇ ಕೇಸು ಹಾಕಿದರು. ಆಮೇಲೆ ಅವರ ಹೆಸರು ಕೈಬಿಟ್ಟರು ಅನ್ನಿ. ಆದರೆ ದೊಡ್ಡವರಿಗೇ ಹೀಗಾದರೆ ಅನ್ನುವ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಆ ಹೆದರಿಕೆಗೆ ಏನು ಮಾಡಬೇಕು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಇದೆಲ್ಲ ಹೇಗೆ ಬಂತು? ಮೊದಲು ಅಕ್ಷರದ ತೊಂದರೆ. 2000ದ ಆಚೀಚೆ ಶಾಲೆ ಕಚೇರಿಗಳಲ್ಲಿ ಎಲ್ಲರೂ ನುಡಿ, ಬರಹ ಅನ್ನುವ ಕನ್ನಡ ಸಾಫ್ಟ್‌ವೇರ್ ಹಾಕಿಕೊಂಡು ಟೈಪ್ ಮಾಡುತ್ತಿದ್ದೆವು. ಆಗಿನ ಫೈಲುಗಳು ಫಾಂಟಿನ ಮೇಲೆ ನಿಂತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಟೋಪಿ ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಅದನ್ನು ಬ್ಲಾಗಿಗೆ ಹಾಕಿದರೆ ಯಾರಿಗೂ ಓದಲು ಬರುತ್ತಿರಲಿಲ್ಲ, ಹುಡುಕಿದರೆ ಸಿಗುತ್ತಲೂ ಇರಲಿಲ್ಲ. ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಬಳಕೆಗೆ ಬಂದ ಮೇಲೆ ಕನ್ನಡದ ಬ್ಲಾಗುಗಳು ಹುಟ್ಟಿದವು. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ ಅನ್ನುವ ತಾಣ ಶುರು ಮಾಡಿದರು. ಇಂಜಿನಿಯರು, ಗೃಹಿಣಿ, ಮೇಷ್ಟ್ರು ಎಲ್ಲರೂ ಅಲ್ಲಿ ಬರೆದರು, ಒಬ್ಬರದಕ್ಕೆ ಇನ್ನೊಬ್ಬರು ಪ್ರತಿಕ್ರಿಯೆ ಹಾಕಿದರು. ಆದರೆ ಶಾಲೆಗಳಲ್ಲಿ ನಾವು ಆಗಲೂ ಹಳೇ ಫಾಂಟಿನಲ್ಲೇ ಇದ್ದೆವು. ಈಗಲೂ ನಿಮ್ಮ ಪೆನ್‌ಡ್ರೈವಿನಲ್ಲಿ ಅಂಥ ಪ್ರಶ್ನೆಪತ್ರಿಕೆ ಇಲ್ಲ ಅಂತ ಯಾರಾದರೂ ಹೇಳಿ ನೋಡೋಣ.

2011ರಲ್ಲಿ ಒಂದು ಒಳ್ಳೆ ಕೆಲಸ ಶುರುವಾಯಿತು. ಪ್ರೌಢಶಾಲೆಗಳಿಗೆಂದು ಕೇಂದ್ರ ಸರ್ಕಾರ ತಂದ ಆರ್‌ಎಂಎಸ್‌ಎ ಯೋಜನೆಯಡಿ, ರಾಜ್ಯದ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಅನ್ನುವ ಸ್ವಯಂಸೇವಾ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿದರು. ಇಲ್ಲಿ ಕೂತಿರುವ ಹಿರಿಯರಲ್ಲಿ ಹಲವರು ಆ ತರಬೇತಿಗೆ ಹೋದವರೇ. ಉಬುಂಟು ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್, ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್ ಕಲಿತಿರಿ. ಗಣಿತ ವಿಜ್ಞಾನದವರಿಗೆ ಒಂದು, ಸಮಾಜ ವಿಜ್ಞಾನದವರಿಗೆ ಒಂದು ಇಮೇಲ್ ಗುಂಪು. ಆಮೇಲೆ ಅದರ ಜೊತೆಗೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಅನ್ನುವ ತಾಣ ಬಂತು. ನಾವೆಲ್ಲ ಕೋಯರ್ ಅನ್ನುತ್ತೇವೆ. ವಿಕಿಪೀಡಿಯ ನಡೆಯುವ ಸಾಫ್ಟ್‌ವೇರಿನಲ್ಲೇ ನಡೆಯುವ ತಾಣ. ಮೇಷ್ಟ್ರೇ ಪಾಠ ಬರೆಯಬಹುದು, ಇನ್ನೊಬ್ಬ ಮೇಷ್ಟ್ರು ತಿದ್ದಬಹುದು, ಯಾರು ಯಾವತ್ತು ಏನು ತಿದ್ದಿದರು ಅನ್ನುವುದು ದಾಖಲಾಗುತ್ತದೆ.

ಇಮೇಲ್ ಗುಂಪಿನಲ್ಲಿ ಏನಾಗುತ್ತಿತ್ತು ಅಂದರೆ, ಒಂದು ತಾಲೂಕಿನ ಒಬ್ಬರೇ ಒಬ್ಬ ವಿಜ್ಞಾನ ಮೇಡಂ ‘ಈ ಪ್ರಯೋಗ ನನ್ನ ಲ್ಯಾಬಿನಲ್ಲಿ ಬರ್ತಿಲ್ಲ, ಯಾಕೆ?’ ಅಂತ ಕೇಳಿದರೆ ಮುನ್ನೂರು ಕಿಲೋಮೀಟರ್ ಆಚೆಯಿಂದ ಉತ್ತರ ಬರುತ್ತಿತ್ತು. ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಅನ್ನುವ ಸಂಕೋಚ ಸ್ವಲ್ಪ ಸ್ವಲ್ಪ ಕಡಿಮೆಯಾಯಿತು. ನನ್ನ ಮಟ್ಟಿಗೆ ಇಡೀ ಯೋಜನೆಯ ಗಳಿಕೆ ಅದು. ಲ್ಯಾಬಿಗೆ ಬಂದ ಕಂಪ್ಯೂಟರುಗಳು ಯುಪಿಎಸ್ ಬ್ಯಾಟರಿ ಸತ್ತ ದಿನ ಬೆಡ್‌ಶೀಟು ಹೊದ್ದು ಮಲಗಿದವು. ಕೇಳುವ ಧೈರ್ಯ ಮಾತ್ರ ಉಳಿಯಿತು.

ಆಮೇಲೆ ವಾಟ್ಸ್‌ಆ್ಯಪ್ ಬಂತು.

ನಗಬೇಡಿ, ನಾನೂ ಏಳೆಂಟು ಗುಂಪಿನಲ್ಲಿ ಇದ್ದೇನೆ. ಸಿಆರ್‌ಪಿ ಗುಂಪು, ಬಿಆರ್‌ಸಿ ಗುಂಪು, ವಿಷಯದ ಗುಂಪು, ಸಂಘದ ಗುಂಪು. ಅನುಕೂಲ ಇಲ್ಲ ಅಂತಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ, ವಿದ್ಯಾಗಮ ಅಂತ ಮರದ ಕೆಳಗೆ, ಗುಡಿಯ ಕಟ್ಟೆ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದಾಗ, ಯಾವ ಮಗು ಎಲ್ಲಿದೆ ಅನ್ನುವುದು ಗೊತ್ತಾಗಿದ್ದೇ ಈ ಗುಂಪುಗಳಿಂದ. ಆದರೆ ಒಂದು ಗುಂಪನ್ನು ಈಗ ತೆರೆದು ಮೇಲಕ್ಕೆ ಸರಿಸುತ್ತಾ ಹೋಗಿ. ಶುಭೋದಯ, ಹೂವಿನ ಚಿತ್ರ, ಆದೇಶದ ಪಿಡಿಎಫ್, ‘ತುರ್ತು, ಇಂದೇ ಮಾಹಿತಿ ಸಲ್ಲಿಸಿ’, ಪರೀಕ್ಷೆ ಪಾಸಾಗಲು ಬೇಕಾದಷ್ಟನ್ನೇ ಆರಿಸಿದ ಪಾಸಿಂಗ್ ಪ್ಯಾಕೇಜಿನ ಪಿಡಿಎಫ್, ನಿವೃತ್ತಿಯ ಶುಭಾಶಯ, ಅದೇ ಪಾಸಿಂಗ್ ಪ್ಯಾಕೇಜು ಇನ್ನೊಬ್ಬರ ಹೆಸರಿನ ವಾಟರ್‌ಮಾರ್ಕಿನಲ್ಲಿ, ಆಮೇಲೆ ‘ಸರ್, ಆ ಫೈಲ್ ಮತ್ತೊಮ್ಮೆ ಕಳಿಸಿ’. ಇಮೇಲ್ ಗುಂಪಿನಲ್ಲಿ ನಡೆದ ಚರ್ಚೆಯನ್ನು ಎರಡು ವರ್ಷ ಬಿಟ್ಟು ಹುಡುಕಿದರೂ ಸಿಗುತ್ತಿತ್ತು. ಇಲ್ಲಿ ಸಂಜೆಯ ಹೊತ್ತಿಗೆ ಬೆಳಗಿನದು ಹೂತು ಹೋಗಿರುತ್ತದೆ. ಚರ್ಚೆ ಅನ್ನುವುದು ಪ್ರಣಾಮದ ಎಮೋಜಿಗೆ ಇಳಿದಿದೆ.

ನಮ್ಮ ಶಿಕ್ಷಕರ ಬ್ಲಾಗುಗಳದೂ ಹೆಚ್ಚುಕಡಿಮೆ ಇದೇ ದಾರಿ. ನಿಮ್ಮಲ್ಲಿ ಬ್ಲಾಗು ನಡೆಸುವವರು ಇದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಪಾಠ ಯೋಜನೆ, ಕ್ರಿಯಾ ಯೋಜನೆ, ನೀಲನಕ್ಷೆ, ಘಟಕ ಪರೀಕ್ಷೆ, ಎಲ್ಲಾ ತರಗತಿಯ ಪ್ರಶ್ನೋತ್ತರ. ಹೊಸದಾಗಿ ಕೆಲಸಕ್ಕೆ ಸೇರಿದ ಮೇಡಂಗೆ, ಐದು ತರಗತಿ ಒಬ್ಬರೇ ನೋಡುವ ಮೇಷ್ಟ್ರಿಗೆ ಅದು ದೊಡ್ಡ ಆಸರೆ. ಸಂಬಳದ ಆಚೆ ನಿದ್ದೆಗೆಟ್ಟು ಮಾಡಿದ ಕೆಲಸ ಅದು. ಆದರೆ ಅಲ್ಲಿ ಮೇಷ್ಟ್ರು ತನ್ನ ಕ್ಲಾಸಿನಲ್ಲಿ ಏನಾಯಿತು ಅಂತ ಬರೆಯುವುದಿಲ್ಲ. ಮಗು ಬರೆದದ್ದಂತೂ ಒಂದು ಸಾಲೂ ಇಲ್ಲ. ಬ್ಲಾಗು ಅನ್ನುವುದು ನಮಗೆ ಉಚಿತ ಜೆರಾಕ್ಸ್ ಅಂಗಡಿ ಆಯಿತು.

ಹೊರಗಿನವರೇನು ಬೇರೆ ಥರ ಅಂತ ತಿಳಿಯಬೇಡಿ. 2008ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ಒಂದು ಕೋರ್ಸು ನಡೆಸಿದರು. ಫೀಸು ಕೊಟ್ಟವರು 25 ಜನ. ಪುಕ್ಕಟೆಯಾಗಿ ಯಾರು ಬೇಕಾದರೂ ಬನ್ನಿ ಅಂದದ್ದಕ್ಕೆ ಸುಮಾರು 2,200 ಜನ ಸೇರಿದರು. ಅವರವರು ಅವರವರ ಬ್ಲಾಗಿನಲ್ಲೇ ಬರೆಯುವುದು, ಡೌನ್ಸ್ ಅವರ ಸಾಫ್ಟ್‌ವೇರು ಎಲ್ಲವನ್ನೂ ಕೂಡಿಸಿ ದಿನಾ ಒಂದು ಪತ್ರಿಕೆಯ ಹಾಗೆ ಎಲ್ಲರಿಗೂ ಕಳಿಸುವುದು. ಮೂಕ್ (MOOC, ಯಾರು ಬೇಕಾದರೂ ಸೇರಬಹುದಾದ ದೊಡ್ಡ ಆನ್‌ಲೈನ್ ಕೋರ್ಸು) ಅನ್ನುವ ಹೆಸರು ಹುಟ್ಟಿದ್ದು ಆ ಕೋರ್ಸಿನಿಂದ. ಕೆಲವೇ ವರ್ಷದಲ್ಲಿ ಅದೇ ಹೆಸರಿನಲ್ಲಿ ದೊಡ್ಡ ದೊಡ್ಡ ಕಂಪನಿಗಳು ಬಂದವು. ಒಬ್ಬ ಪ್ರೊಫೆಸರ್ ವಿಡಿಯೋದಲ್ಲಿ ಮಾತಾಡುವುದು, ಉಳಿದವರು ನೋಡಿ ಬಹು ಆಯ್ಕೆಯ ಪ್ರಶ್ನೆಗೆ ಟಿಕ್ ಮಾಡುವುದು. ಒಬ್ಬರದನ್ನೊಬ್ಬರು ಓದುವ ಭಾಗವೇ ಮೊದಲು ಬಿದ್ದು ಹೋಯಿತು. ಅದಕ್ಕೆ ಸಮಯ ಜಾಸ್ತಿ ಬೇಕು, ಅದನ್ನು ಯಂತ್ರ ತಿದ್ದಲು ಬರುವುದಿಲ್ಲ.

ವಿಕಿಪೀಡಿಯದ ಒಂದು ಉದಾಹರಣೆ ನಿಮಗೆ ಹೇಳಲೇಬೇಕು. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಸುವ ಯೋಜನೆ ಮಾಡಿದರು. ನೂರಾರು ಹುಡುಗರು, ಅಂಕಕ್ಕಾಗಿ ಅಸೈನ್‌ಮೆಂಟು. ಏನಾಗಿರಬಹುದು? ನೀವೇ ಊಹಿಸಿ. ಪುಸ್ತಕದಿಂದ, ಬೇರೆ ತಾಣಗಳಿಂದ ಎತ್ತಿ ಹಾಗೇ ಅಂಟಿಸಿದರು. ಲೇಖನ ಚೆನ್ನಾಗಿ ಬಂದರೆ ಮೇಷ್ಟ್ರು ಅಂಕ ಕೊಡುತ್ತಾರೆ, ಅಷ್ಟೇ ಅವರ ಲೆಕ್ಕ. ಜಗತ್ತಿನ ಬೇರೆ ಬೇರೆ ಮೂಲೆಯಲ್ಲಿ ಕೂತ ಸ್ವಯಂಸೇವಕರು ಒಂದೊಂದೇ ಪುಟ ತೆಗೆದು ಅಳಿಸಬೇಕಾಯಿತು. ಅವರಿಗೆ ತಲೆ ಕೆಟ್ಟು ಹೋಯಿತು. ಆ ವರ್ಷದ ನವೆಂಬರಿನಲ್ಲಿ ಯೋಜನೆ ನಿಲ್ಲಿಸಿದರು. ಆ ಹುಡುಗರ ಮುಂದೆ ಕೋಟಿಗಟ್ಟಲೆ ಓದುಗರಿದ್ದರು, ಆದರೆ ಅವರ ಕಣ್ಣಿಗೆ ಕಂಡದ್ದು ಒಬ್ಬರೇ, ಅಂಕ ಕೊಡುವವರು. ಓದುಗರು ಇದ್ದರೆ ಸಾಲದು, ಬರೆಯುವವರಿಗೆ ಕಾಣಬೇಕು.

2013ರಿಂದ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಬೇರೆ ಥರ ಮಾಡಿದರು. ಭಾಷಾ ವಿಷಯವಾಗಿ ಕನ್ನಡ ತೆಗೆದುಕೊಂಡ ಪದವಿ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಬರೆದರು. ಬೇರೆ ಭಾಷೆಯವರು ಅವರವರ ಭಾಷೆಯಲ್ಲಿ. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲೂ ವಿದ್ಯಾರ್ಥಿಗಳ ವಿಕಿಪೀಡಿಯ ಸಂಘ ಆಯಿತು. ಕನ್ನಡ ವಿಕಿಪೀಡಿಯ ಸಣ್ಣದು, ಅದೇ ಇಲ್ಲಿನ ಅನುಕೂಲ. ಹೊಸಬರು ಮೊದಲು ತಮ್ಮ ಪ್ರಯೋಗಪುಟದಲ್ಲಿ ಬರೆಯುತ್ತಾರೆ, ಹಳಬರು ಬಂದು ನೋಡುತ್ತಾರೆ. ‘ಇದಕ್ಕೆ ಆಧಾರ ಎಲ್ಲಿ?’ ‘ಇದು ಗೂಗಲ್ ಅನುವಾದ, ಕನ್ನಡ ಅಲ್ಲ’ ಅಂತ ಚರ್ಚಾಪುಟದಲ್ಲಿ ಬೈಸಿಕೊಳ್ಳಬೇಕಾಗುತ್ತದೆ. ಎಲ್ಲರೂ ಮಾತಾಡುವ ಪುಟಕ್ಕೆ ಅಲ್ಲಿ ಅರಳಿಕಟ್ಟೆ ಅಂತಲೇ ಹೆಸರು. ಎಲ್ಲಾ ಲೇಖನಗಳೂ ಚೆನ್ನಾಗಿ ಬಂದವು ಅಂತ ನಾನು ಹೇಳುವುದಿಲ್ಲ, ಓದಿದರೆ ತಲೆನೋವು ಬರುವಂಥವೂ ಇವೆ. ಆದರೆ ಗುರುತು ಪರಿಚಯ ಇಲ್ಲದ ಒಬ್ಬರು ನನ್ನ ವಾಕ್ಯ ಓದಿ ಸರಿಯಿಲ್ಲ ಅಂದರು ಅನ್ನುವ ಅನುಭವ ಆ ಹುಡುಗರಿಗೆ ಹದಿನೈದು ವರ್ಷದ ಓದಿನಲ್ಲಿ ಮೊದಲ ಸಲ ಆಗಿರುತ್ತದೆ.

ಇನ್ನು ನಮ್ಮದೇ ಒಂದು ಸಣ್ಣ ಪ್ರಯತ್ನ ಹೇಳುತ್ತೇನೆ. ಫ್ರೆನೆ ಮಾಡಿದ್ದನ್ನೇ ಮಾಡಿ ನೋಡೋಣ ಅಂತ. ಮಲೆನಾಡಿನ ಒಂದು ಶಾಲೆ, ರಾಯಚೂರು ಕಡೆಯ ಒಂದು ಶಾಲೆ. ಇಬ್ಬರು ಶಿಕ್ಷಕರ ಪರಿಚಯ ಇತ್ತು, ಅಷ್ಟೇ ಬಂಡವಾಳ. ಎರಡೂ ಶಾಲೆಗೆ ಸೇರಿ ಒಂದು ಬ್ಲಾಗು, ಪಾಸ್‌ವರ್ಡ್ ಇದ್ದವರಿಗೆ ಮಾತ್ರ ಕಾಣುವುದು. ಮಕ್ಕಳು ಕಾಗದದಲ್ಲೇ ಬರೆಯುವುದು, ಮೇಷ್ಟ್ರು ಫೋನಿನಲ್ಲಿ ಫೋಟೋ ತೆಗೆದು ಹಾಕುವುದು. ಟೈಪಿಂಗ್ ಕಲಿಸಿ ಆಮೇಲೆ ಬರೆಸೋಣ ಅಂತ ಕೂತರೆ ಆ ವರ್ಷ ಮುಗಿದೇ ಹೋಗುತ್ತದೆ.

ಮಲೆನಾಡಿನ ಹುಡುಗಿಯೊಬ್ಬಳು ಅಡಿಕೆ ಸುಲಿಯುವುದರ ಬಗ್ಗೆ ಬರೆದಳು. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಮೆಟ್ಟುಕತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ, ಅಮ್ಮನಿಗೆ ಡಬ್ಬದ ಲೆಕ್ಕದಲ್ಲಿ ದುಡ್ಡು ಅಂತ. ರಾಯಚೂರಿನ ಮಕ್ಕಳಿಂದ ಪ್ರಶ್ನೆ ಬಂತು. ಮೆಟ್ಟುಕತ್ತಿ ಅಂದ್ರ ಹ್ಯಾಂಗಿರತದ? ಡಬ್ಬ ಅಂದ್ರ ಎಷ್ಟು ದೊಡ್ಡದು? ಅವಳು ಎರಡನೇ ಸಲ ಬರೆದಳು, ಚಿತ್ರ ಹಾಕಿ ಬರೆದಳು. ಕತ್ತಿಯ ಬಾಯಿ ಮೇಲಕ್ಕಿರುತ್ತದೆ, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿಯಬೇಕು, ಹಸಿ ಅಡಿಕೆಯ ರಸಕ್ಕೆ ಕೈ ಕಪ್ಪಾಗುತ್ತದೆ, ಶಾಲೆಗೆ ಬರುವಾಗಲೂ ಹೋಗಿರುವುದಿಲ್ಲ. ಮೊದಲನೇ ಬರಹದಲ್ಲಿ ಕೈ ಕಪ್ಪಾಗುವ ಮಾತೇ ಇರಲಿಲ್ಲ. ಊರಿನವರಿಗೆಲ್ಲಾ ಗೊತ್ತಿರುವ ವಿಷಯ, ಮೇಷ್ಟ್ರಿಗೆ ಯಾಕೆ ಹೇಳಬೇಕು?

ಇದಕ್ಕೆ ರಾಯಚೂರಿನ ಹುಡುಗನೊಬ್ಬ ಉತ್ತರ ಬರೆದ. ಹತ್ತಿ ಬಿಡಸಾಕ ಹೋದ್ರ ನಮ್ಮ ಕೈ ಕಪ್ಪ ಆಗೂದಿಲ್ಲ, ಒಣಗಿದ ಕಾಯಿ ಗೀರಿ ಉರಿತಾವ ಅಂತ. ಕೆಳಗೆ ಇನ್ನೊಂದು ಸಾಲು. ಹತ್ತಿ ಸುಗ್ಗ್ಯಾಗ ನಾನು ಸಾಲಿಗೆ ಹೋಗಿಲ್ಲ. ಅಲ್ಲಿನ ಮೇಷ್ಟ್ರು ನನಗೆ ಫೋನ್ ಮಾಡಿದರು. ಆ ಸಾಲು ತೆಗೀಲಾ ಸರ್? ನಾಳೆ ಯಾರಾದರೂ ನೋಡಿದರೆ ಹಾಜರಿ ಕೇಳ್ತಾರೆ, ಅವನ ಅಪ್ಪ ಅಮ್ಮನಿಗೂ ತೊಂದರೆ. ಅವರ ಆತಂಕ ಸರಿಯಾಗಿಯೇ ಇತ್ತು. ಕೊನೆಗೆ ಹುಡುಗನನ್ನೇ ಕೇಳಿದರು. ಅವನು ಸಾಲು ಇರಲಿ, ಹೆಸರು ಬ್ಯಾಡ ಅಂದ. ಅಲ್ಲಿಂದ ಮುಂದೆ ಯಾರ ಹೆಸರೂ ಇಲ್ಲದೆ ಹಾಕುವುದು ರೂಢಿಯಾಯಿತು. ಆ ಮೇಷ್ಟ್ರು ಬ್ಲಾಗಿನ ಮಾತು ಅಲ್ಲಿಗೆ ಬಿಟ್ಟು ಹುಡುಗನ ಮನೆಗೆ ಹೋಗಿ ಬಂದರು. ನನಗೆ ಕೇಳಿದರೆ ಅದೇ ಜಾಸ್ತಿ ಮುಖ್ಯವಾದ ಕೆಲಸ.

ಹೆದರಿಕೆಯ ಮಾತಿಗೆ ಆಮೇಲೆ ಬರುತ್ತೇನೆ ಅಂದಿದ್ದೆ. ಮಗುವಿಗೆ ಓದುಗರು ಬೇಕು ಅಂದರೆ ಇಡೀ ಜಗತ್ತು ಬೇಕು ಅಂತಲ್ಲ. ಇನ್ನೊಂದು ಕ್ಲಾಸು ಸಾಕು. ಮಗುವಿನ ಹೆಸರು, ಮುಖ, ಊರು ಮೂರೂ ಒಟ್ಟಿಗೆ ಎಲ್ಲೂ ಕಾಣಬಾರದು. ನಮ್ಮ 2023ರ ಡೇಟಾ ಕಾಯ್ದೆಯ ಪ್ರಕಾರ 18 ತುಂಬದವರ ವೈಯಕ್ತಿಕ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಆಸ್ಟ್ರೇಲಿಯಾದಲ್ಲಂತೂ 2025ರ ಡಿಸೆಂಬರಿನಿಂದ 16ರ ಕೆಳಗಿನವರಿಗೆ ದೊಡ್ಡ ಜಾಲತಾಣಗಳಲ್ಲಿ ಖಾತೆಯೇ ಇಲ್ಲ ಅನ್ನುವ ಕಾನೂನು ಜಾರಿಯಾಯಿತು. ಅದು ಸರಿಯೋ ತಪ್ಪೋ ಅನ್ನುವ ಜಗಳ ನಡೆಯುತ್ತಿರಲಿ. ಪಾಲಕರ ಸಭೆಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ನಮಗೇನೂ ಕಷ್ಟ ಇಲ್ಲ. ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಬೇಡಿ, ಖಾತೆ ಮೇಷ್ಟ್ರದ್ದೇ ಇರಲಿ.

ಇನ್ನೊಂದು ವಿಷಯ, ಯಾವ ತಾಣವನ್ನೂ ನಂಬಿ ಕೂರಬೇಡಿ. ನಿಂಗ್ ಅನ್ನುವ ತಾಣದಲ್ಲಿ ಎಷ್ಟೋ ಶಿಕ್ಷಕರು ಗುಂಪು ಕಟ್ಟಿದ್ದರು, 2010ರಲ್ಲಿ ಪುಕ್ಕಟೆ ಸೇವೆ ನಿಲ್ಲಿಸಿದರು. ವಿಕಿ ಪುಟ ಮಾಡಲು ಜಾಗ ಕೊಡುತ್ತಿದ್ದ ವಿಕಿಸ್ಪೇಸಸ್ 2018ರಲ್ಲಿ ತರಗತಿಗಳಿಗೆ ಬಾಗಿಲು ಹಾಕಿತು. ಯಾಹೂ ಗುಂಪುಗಳು 2020ರಲ್ಲಿ ಹೋದವು. ಶಾಲೆಗಳಿಗೆಂದೇ ಇದ್ದ ಎಡ್ಮೋಡೋ 2022ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಪ್ರತಿ ಸಲವೂ ಶಿಕ್ಷಕರ ವರ್ಷಗಟ್ಟಲೆಯ ಕೆಲಸ ಅದರ ಜೊತೆ ಹೋಯಿತು. ಆದ್ದರಿಂದ ಟರ್ಮ್ ಮುಗಿದ ಮೇಲೆ ಎಲ್ಲವನ್ನೂ ಪ್ರಿಂಟ್ ತೆಗೆದು ಸೂಜಿ ಹಾಕಿ ಹೊಲಿದು ಶಾಲೆಯ ಲೈಬ್ರರಿಯಲ್ಲಿ ಇಡಿ. ಮುಂದಿನ ವರ್ಷದ ಎಂಟನೇ ಕ್ಲಾಸಿನವರು ಅದನ್ನೂ ಓದುತ್ತಾರೆ. ಅಕ್ಕ ಬರೆದದ್ದು ಅಂತ ಹುಡುಕಿಕೊಂಡು ಬಂದು ಓದುತ್ತಾರೆ.

ಚೀಟಿಗಳು ಬಂದಿವೆ. ಒಂದರಲ್ಲಿ ‘ಪೋರ್ಷನ್ ಮುಗಿಸುವುದೇ ಕಷ್ಟ, ಇದಕ್ಕೆ ಸಮಯ ಎಲ್ಲಿದೆ?’ ಅಂತ ಕೇಳಿದ್ದಾರೆ. ಹೊಸ ಸಮಯ ಬೇಡ. ಹೇಗೂ ಪ್ರಬಂಧ, ಪತ್ರ ಬರೆಸುತ್ತೀರಿ. ‘ನಿಮ್ಮ ಗೆಳೆಯನಿಗೆ ಪತ್ರ ಬರೆಯಿರಿ’ ಅಂತ ಪ್ರಶ್ನೆ ಕೊಟ್ಟು, ಇಲ್ಲದ ಗೆಳೆಯನಿಗೆ ಬರೆಸುವ ಬದಲು ಇರುವ ಗೆಳೆಯನಿಗೆ ಬರೆಸಿ. ತಿಂಗಳಿಗೆ ಒಂದು ಸಾಕು.

ಇನ್ನೊಂದು ಚೀಟಿ, ‘ಇದಕ್ಕೆ ಅಂಕ ಕೊಡಬಹುದಾ?’ ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ತೋರಿಸಬಹುದು, ಅಡ್ಡಿ ಇಲ್ಲ. ಆದರೆ ಬರೆದದ್ದಕ್ಕೆ ಅಂಕ ಕೊಡಬೇಡಿ, ಪುಣೆಯಲ್ಲಿ ಆದದ್ದೇ ಆಗುತ್ತದೆ. ಕೊಡಲೇಬೇಕು ಅಂದರೆ ಆ ಕಡೆಯ ಮಗುವಿನ ಬರಹ ಓದಿ ಇವನು ಯಾವ ಪ್ರಶ್ನೆ ಕೇಳಿದ ಅನ್ನುವುದಕ್ಕೆ ಕೊಡಿ. ‘ಚೆನ್ನಾಗಿದೆ’ ಅಂತ ಬರೆದರೆ ಸೊನ್ನೆ. ‘ಡಬ್ಬ ಅಂದರೆ ಎಷ್ಟು ದೊಡ್ಡದು?’ ಅಂತ ಕೇಳಿದರೆ ಪೂರ್ತಿ ಅಂಕ.

ಕೊನೆಯ ಚೀಟಿ, ‘ಯಾವ ಆ್ಯಪ್ ಒಳ್ಳೆಯದು?’ ನಿಮ್ಮ ಫೋನಿನಲ್ಲಿ ಈಗಾಗಲೇ ಇರುವುದು. ಬ್ಲಾಗರ್ ಸಾಕು, ಅದೂ ಬೇಡ ಅಂದರೆ ಅಂಚೆ ಲಕೋಟೆ ಆಗುತ್ತದೆ. ಮೊದಲು ಬೇಕಾದ್ದು ಜೊತೆ ಶಾಲೆ. ಈ ಸಭಾಂಗಣದಲ್ಲಿ ಕರಾವಳಿಯವರು ಇದ್ದೀರಿ, ಬೀದರಿನವರು ಇದ್ದೀರಿ. ಊಟಕ್ಕೆ ಹೋಗುವಾಗ ನಿಮ್ಮ ಊರಿನಿಂದ ದೂರದವರ ಪಕ್ಕ ಕೂತು ಫೋನ್ ನಂಬರ್ ತೆಗೆದುಕೊಳ್ಳಿ. ಜೂನ್ ತಿಂಗಳಲ್ಲಿ ಶುರು ಮಾಡಿ, ಡಿಸೆಂಬರಿಗೆ ನಿಲ್ಲಿಸಿ. ಜನವರಿ ಆದ ಮೇಲೆ ಪಾಸಿಂಗ್ ಪ್ಯಾಕೇಜಿನ ಗಡಿಬಿಡಿ, ಆಗ ನಿಮ್ಮ ಮಾತನ್ನು ಹೆಡ್‌ಮಾಸ್ಟರೂ ಕೇಳುವುದಿಲ್ಲ.